ಮೆದುಳು ಜ್ವರ ಬಂದವರ ಮುಖಕ್ಕೆ ‘ಲಕ್ವಾ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ಮೆದುಳು ಜ್ವರದ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಜಪಾನೀಸ್ ಎನ್ಸೆಫಲೈಟಿಸ್ ಅಂತಾರಲ್ಲ, ಅದು. ಜಿಲ್ಲೆಗೆ ಹೊಸ ಹೆಸರೇನಲ್ಲ. 2022ರ ಡಿಸೆಂಬರ್‌ನಲ್ಲಿ ಬಾಗಲಕೋಟೆಯೂ ಸೇರಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ಹಾಕಲು ಶುರು ಮಾಡಿದ್ದರು. ಇದು ಹೇಗೆ ಹರಡುತ್ತದೆ ಅನ್ನೋದು, ಅಂದರೆ ಕ್ಯೂಲೆಕ್ಸ್ ಸೊಳ್ಳೆ, ಗದ್ದೆಯಲ್ಲಿ ನಿಂತ ನೀರು, ಹಂದಿ, ಕೊಕ್ಕರೆ ಎಲ್ಲ ಸಲೀಸಾಗಿ ಬರೆದಾಯ್ತು. ಮುಖದ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು.

ಈ ಜ್ವರದಲ್ಲಿ ಮುಖದ ತೊಂದರೆ ಒಂದೇ ಥರದ್ದಲ್ಲ. ಕೆಲವರಿಗೆ ಮುಖದ ನರಕ್ಕೇ ಪೆಟ್ಟು ಬೀಳುತ್ತದೆ. ಆಗ ಒಂದು ಕಡೆ ಬಾಯಿ ಸೊಟ್ಟಗಾಗುತ್ತದೆ, ಆ ಕಡೆಯ ಕಣ್ಣು ಪೂರ್ತಿ ಮುಚ್ಚೋದಿಲ್ಲ, ಕುಡಿದ ನೀರು ತುಟಿಯಂಚಿನಿಂದ ಸೋರುತ್ತದೆ. ಇನ್ನು ಕೆಲವರಿಗೆ ಮೆದುಳಿನ ಆಳದ ಭಾಗ ಕೆಡುತ್ತದೆ. ಅವರ ಬಾಯಿ ಸೊಟ್ಟ ಇರೋದೇ ಇಲ್ಲ. ಎರಡೂ ಕಡೆ ಸರಿಯಾಗೇ ಇದೆ, ಆದರೆ ಅಲುಗುವುದಿಲ್ಲ. ರೆಪ್ಪೆ ಬಡಿಯುವುದು ಕಡಿಮೆ. ಕರೆದರೆ ನೋಡುತ್ತಾರೆ, ನಗಿಸಿದರೆ ನಗು ಮುಖಕ್ಕೆ ಬರೋದಿಲ್ಲ. ಪಾರ್ಕಿನ್ಸನ್ ಕಾಯಿಲೆಯವರ ಮುಖ ನೋಡಿದ್ದರೆ ಗೊತ್ತಾಗುತ್ತದೆ.

ಮೊದಲನೆಯದಕ್ಕೆ ನಮ್ಮಲ್ಲಿ ‘ಮಾರಿಗೆ ಲಕ್ವಾ ಹೊಡದೈತಿ’ ಅಂತಾರೆ (ಮಾರಿ ಅಂದರೆ ಮುಖ). ಮಜಾ ನೋಡಿ, ಅರಬಿಯಲ್ಲೂ ಯುನಾನಿ ವೈದ್ಯದಲ್ಲೂ ಲಕ್ವಾ ಅಂದರೆ ಮುಖದ್ದು ಮಾತ್ರ. ಅರ್ಧ ಮೈ ಬಿದ್ದರೆ ಅದು ಫಾಲಿಜ್. ನಮ್ಮೂರಿಗೆ ಬರುವಷ್ಟರಲ್ಲಿ ಫಾಲಿಜ್ ಉದುರಿಹೋಗಿ, ಲಕ್ವಾ ಕೈಕಾಲಿಗೂ ಹರಡಿಕೊಂಡಿತು. ಅದಕ್ಕೇ ಈಗ ‘ಮಾರಿಗೆ’ ಅಂತ ಬಿಡಿಸಿ ಹೇಳಬೇಕು.

ಆದರೂ ಕರಪತ್ರದಲ್ಲಿ ಬರಿ ‘ಲಕ್ವಾ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಡೆ ಜನ ನಾಟಿ ಔಷಧಿ ಕೊಡುವ ಊರಿಗೆ ಗಾಡಿ ಕಟ್ಟುತ್ತಾರೆ. ಜ್ವರ, ಫಿಟ್ಸ್, ಮಂಪರು ಇರುವ ಮಗುವನ್ನು ಹಾಗೆ ಕರೆದುಕೊಂಡು ಹೋದರೆ ಗತಿಯೇನು? ಈ ವೈರಸ್ಸಿಗೆ ಅಂತಲೇ ಔಷಧಿ ಇಲ್ಲ ನಿಜ, ಆದರೆ ಉಸಿರು, ಫಿಟ್ಸ್, ಮೆದುಳಿನ ಬಾವು ನೋಡಿಕೊಳ್ಳೋಕೆ ಆಸ್ಪತ್ರೆಯೇ ಬೇಕು. ಇನ್ನು ‘ಹೊಡೆ’ ಅನ್ನೋ ಕ್ರಿಯಾಪದ ಬೇರೆ. ರಾತ್ರಿ ಚೆನ್ನಾಗಿ ಮಲಗಿದವರಿಗೆ ಬೆಳಗ್ಗೆ ಆದಂತೆ ಕೇಳಿಸುತ್ತದೆ. ಇಲ್ಲಿ ಮೊದಲು ಜ್ವರ, ಆಮೇಲೆ ಮುಖ.

‘ಪಾರ್ಶ್ವವಾಯು’ ಅಂತೂ ಬೇಡ. ಎರಡೂ ಕಡೆ ಅಲುಗದ ಮುಖಕ್ಕೆ ‘ಪಾರ್ಶ್ವ’ ಎಲ್ಲಿಂದ ತರೋದು? ಮುಖದ ಲಕ್ವಾಕ್ಕೆ ಆಯುರ್ವೇದದಲ್ಲಿರುವ ‘ಅರ್ದಿತ’ ಒಳ್ಳೆಯ ಪದ, ಆದರೆ ಆಶಾ ಅಕ್ಕಂದಿರು ಓದಿ ನಮಗೇ ಅರ್ಥ ಕೇಳುತ್ತಾರೆ.

ಸದ್ಯಕ್ಕೆ ಮೊದಲನೆಯದಕ್ಕೆ ‘ಜ್ವರದ ಜೊತೆ ಬಾಯಿ ಸೊಟ್ಟಗಾಗುವುದು’ ಅಂತ ಹಾಕಿದ್ದೇನೆ. ಎರಡನೆಯದಕ್ಕೆ ಒಬ್ಬ ಆಶಾ ಅಕ್ಕ ‘ಮಾರಿ ಮ್ಯಾಲ ಕಳಾನ ಇಲ್ರಿ’ ಅಂದರು. ಕೇಳೋಕೆ ಚೆಂದ. ಆದರೆ ಎರಡು ದಿನ ಊಟ ಬಿಟ್ಟವರಿಗೂ ಹಾಗೇ ಅಂತೀವಿ, ಅಲ್ವಾ? ‘ಮುಖವಾಡದಂಥ ಮುಖ’ ಅಂದರೆ ಪುಸ್ತಕದ ವಾಸನೆ.

ವಿಜಯಪುರ, ಬೆಳಗಾವಿ ಕಡೆಯವರು ಹೇಳಿ: ಸೊಟ್ಟ ಇಲ್ಲದೆ, ಸುಮ್ನೆ ಅಲುಗದೆ ಇರುವ ಮುಖಕ್ಕೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಅಥಣಿ, ಇಂಡಿ ಕಡೆಯ ಮಾತು ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ಊರಿನ ಬಳಕೆ ಅಂತ ಜೊತೆಗೆ ಬರೆಯಿರಿ.