ಜಾತಕ ಕೂಡದ ಲ್ಯಾಪ್‌ಟಾಪು

ನಮ್ಮ ಮನೆ ಲ್ಯಾಪ್‌ಟಾಪಿಗೂ ವಿಂಡೋಸ್ 11ಕ್ಕೂ ಜಾತಕ ಕೂಡಲಿಲ್ಲ. 4 ಜಿಬಿ ರ‍್ಯಾಮ್ ಕೂಡಿತು, ಡಿಸ್ಕಿನಲ್ಲಿ 64 ಜಿಬಿ ಜಾಗ ಬೇಕು ಅಂದರು, ಅದೂ ಕೂಡಿತು. ಆದರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪಿನ ಗ್ರಹ ನಮ್ಮ ಕುಂಡಲಿಯಲ್ಲೇ ಇಲ್ಲ. ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ತಲೆಮಾರಿನ ಈಚೆಗಿನದ್ದಿರಬೇಕಂತೆ. ನಮ್ಮದು 2014ರಲ್ಲಿ ಕೊಂಡದ್ದು, ನಾಲ್ಕನೇ ತಲೆಮಾರು. ಇತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೇ ಎಳ್ಳುನೀರು ಬಿಟ್ಟಾಗಿದೆ. ಹೆಸರು ಬರೆಸಿದವರಿಗೆ ಮಾತ್ರ ವರ್ಷಾಬ್ದಿಕದವರೆಗೆ ಸೆಕ್ಯುರಿಟಿ ಅಪ್‌ಡೇಟು.

ಭಾನುವಾರ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಮುಗಿಸಿ ಎಂದಿನ ಹೋಟೆಲಿನಲ್ಲಿ ಕೂತಾಗ ಬಾಯಿ ತಪ್ಪಿ ಕೇಳಿಬಿಟ್ಟೆ, “ವಿಂಡೋಸ್ ಬದಲು ಲಿನಕ್ಸ್ ಹಾಕೋಣ ಅಂತಿದೀನಿ. ಅದ್ರಲ್ಲಿ ಎಷ್ಟೊಂದು ಬಗೆ, ಯಾವುದು ಹಾಕ್ಲಿ?”

ಇದು ಒಬ್ಬನೇ ಸಿಕ್ಕಾಗ ಕೇಳಬೇಕಾದ ಪ್ರಶ್ನೆ. ನಾಲ್ವರ ಎದುರು ಕೇಳಿದ್ದು ನನ್ನ ತಪ್ಪು.

“ಉಬುಂಟು,” ಅಂದ ಶೀನಿ, ಚಮಚ ಕೆಳಗಿಡದೆ. “ಅದ್ರಲ್ಲಿ ಯೋಚನೆ ಮಾಡೋದೇನಿದೆ? ದಕ್ಷಿಣ ಆಫ್ರಿಕಾದ ಶಟಲ್‌ವರ್ತ್ ಅನ್ನೋನು 2004ರಲ್ಲಿ ಶುರು ಮಾಡಿದ್ದು. ಆ ಮನುಷ್ಯ ಅದಕ್ಕೆ ಮುಂಚೆ ಅಂತರಿಕ್ಷಕ್ಕೇ ಹೋಗಿ ಬಂದಿದ್ದ. ಕೇಳಿದ್ರೆ ಸಾಕು, ಮನೆ ಬಾಗಿಲಿಗೆ ಪುಕ್ಕಟೆ ಸೀಡಿ ಬರೋದು. ಅಂಚೆ ಖರ್ಚೂ ಅವರದೇ. ಆ ಋಣ ಇದೆ ಕಣೋ ನನಗೆ.”

“ಸೀಡಿ ಕಳಿಸೋದು 2011ಕ್ಕೇ ನಿಲ್ಸಿದ್ರು. ನಿನ್ನ ಋಣ ತೀರಿ ಯಾವ ಕಾಲ ಆಯ್ತು!” ಅಂದ ರಾಜಪ್ಪ. ರಾಜಪ್ಪ ದಾವಣಗೆರೆಯವನು, ಮೈಸೂರಿಗೆ ಬಂದು ಇಪ್ಪತ್ತು ವರ್ಷವಾದರೂ ಇಲ್ಲಿನ ದೋಸೆಯನ್ನು ಕ್ಷಮಿಸಿಲ್ಲ. “ಉಬುಂಟು ಎಲ್ಲಿಂದ ಬಂತಪ? ಡೆಬಿಯನ್ ಹೊಟ್ಟೆಯಿಂದ. ಮಗನ್ನ ಕಟ್ಕೊಂಡು ಏನ್ ಮಾಡ್ತಿ, ಅಪ್ಪನ್ನೇ ಹಿಡಿ. 1993ರಿಂದ ಇದೆ. ಇಯಾನ್ ಮರ್ಡಾಕ್ ತನ್ನ ಹುಡುಗಿ ಡೆಬ್ರಾ ಹೆಸರು ಮುಂದಿಟ್ಟು, ತನ್ನ ಹೆಸರು ಹಿಂದಿಟ್ಟ. ಆ ವಿನಯ ನೋಡಿ ಕಲೀಬೇಕು. ಅದಕ್ಕೇ ಅದು ಅಷ್ಟು ಸ್ಟೇಬಲ್ಲು.”

ಇಲ್ಲಿವರೆಗೆ ಪಚ್ಚಿ ಮಾತಾಡಿರಲಿಲ್ಲ. ಆದರೆ ಅವನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿದರೆ ಗೊತ್ತಾಗುತ್ತದೆ. ಆರ್ಚ್ ಲಿನಕ್ಸ್ ಹಾಕಿದವರು ನೀವು ನೋಡುವ ಮೊದಲೇ ಹೇಳುತ್ತಾರೆ.

“ನಾನು ಆರ್ಚು,” ಅಂದ.

“ಗೊತ್ತು,” ಅಂದೆವು ಎಲ್ಲರೂ.

“ಅದ್ರಲ್ಲಿ ಹಳೇದು ಹೊಸದು ಅಂತ ಆವೃತ್ತಿನೇ ಇಲ್ಲ. ದಿನಾ ಹೊಸದು ಹರ್ಕೊಂಡು ಬರ್ತಾನೇ ಇರುತ್ತೆ. ಅಪ್‌ಡೇಟ್ ಒತ್ತೋ ಮುಂಚೆ ಅವರ ಪುಟದಲ್ಲಿ ಏನಾದ್ರೂ ಸೂಚನೆ ಇದೆಯಾ ಅಂತ ಓದ್ಕೊಂಡ್ರೆ ಆಯ್ತು.”

“ಅಂದ್ರೆ ದಿನಾ ರಾಹುಕಾಲ ನೋಡ್ಕೊಂಡು ಕೂರು ಅನ್ನು.”

ಶೀನಿ ರಾಜಿ ಮಾಡಿಸುವವನ ಹಾಗೆ ಕೈ ಎತ್ತಿದ. “ನೋಡ್ರೋ, ಮಸಾಲೆ, ಸೆಟ್ಟು, ಬೆಣ್ಣೆ, ಎಲ್ಲ ದೋಸೆಗೂ ಹಿಟ್ಟು ಒಂದೇ. ಲಿನಕ್ಸ್ ಅಂದ್ರೆ ಕರ್ನಲ್ಲು, ಸಿಸ್ಟಮ್ಮಿನ ತಿರುಳು. 1991ರಲ್ಲಿ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್ ರುಬ್ಬಿಟ್ಟ ಹಿಟ್ಟು ಅದು. ನಿನ್ನ ಜೇಬಲ್ಲಿರೋ ಆಂಡ್ರಾಯ್ಡ್ ಫೋನಲ್ಲೂ ಅದೇ ಹಿಟ್ಟು. ಮಿಕ್ಕಿದ್ದೆಲ್ಲ ಚಟ್ನಿ, ಪಲ್ಯ.”

ರಾಜಿ ಅಲ್ಲಿಗೆ ಮುರಿದುಬಿತ್ತು.

“ಹಿಟ್ಟು ಒಂದೇ ಅಂತ ದಾವಣಗೆರೆಯೋನ ಎದುರಿಗೆ ಹೇಳ್ತಿಯಲ್ಲಪ!” ರಾಜಪ್ಪ ತಟ್ಟೆ ದೂರ ತಳ್ಳಿದ. “ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಬೇಕು. ನಿಮ್ಮೂರಲ್ಲಿ ಯಾರು ಹಾಕ್ತಾರೆ?”

“ಕರೆಕ್ಟಾಗಿ ಹೇಳ್ದ,” ಪಚ್ಚಿ ಎದ್ದೇ ನಿಂತ. “ಉಬುಂಟೂನೋರೂ ಕರ್ನಲ್ಲಿಗೆ ತಮ್ಮದೇ ಪ್ಯಾಚ್ ಸೇರಿಸ್ತಾರೆ. ಅದೇ ಮಂಡಕ್ಕಿ. ಆರ್ಚ್‌ನಲ್ಲಿ ಹಿಟ್ಟು ಹೆಚ್ಚುಕಮ್ಮಿ ಹಾಗೇ ಕೊಡ್ತಾರೆ, ಒಲೆ ನೀನು ಹಚ್ಕೋಬೇಕು. ಜೆಂಟೂ ಅಂತ ಇನ್ನೊಂದಿದೆ, ಅಲ್ಲಿ ಅಕ್ಕಿ ಉದ್ದು ಅಳೆದುಕೊಡ್ತಾರೆ, ರುಬ್ಬೋದೂ ನೀನೇ.”

ಮುಂದಿನ ಕಾಲು ಗಂಟೆ ಲಿನಕ್ಸ್ ಮಾತು ಬರಲಿಲ್ಲ. ಮಂಡಕ್ಕಿಯದೇ ಮಾತು. ಮೂರನೇ ಸಲ ಬೈಟು ಕಾಫಿ ಬಂತು.

ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು, ನಿವೃತ್ತ ಗಣಿತದ ಮೇಷ್ಟ್ರು, ಅಷ್ಟೂ ಹೊತ್ತು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದರಂತೆ. ಐದನೇ ಸಲ ನನ್ನ ಕಿವಿಗೆ ಬಿತ್ತು.

“ಅಲ್ಲಪ್ಪ, ಅದರೊಳಗೆ ಇರೋದು ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿನೋ?”

“ಹಾರ್ಡ್ ಡಿಸ್ಕು, ಮೇಷ್ಟ್ರೆ.”

“ಹಾಗಾದ್ರೆ ಮೊದಲು ಅದನ್ನ ಬದಲಾಯಿಸಿ. ತಿರುಗೋ ಡಿಸ್ಕ್ ಇಟ್ಕೊಂಡು ಯಾವ ಲಿನಕ್ಸ್ ಹಾಕಿದ್ರೂ ಅದು ಎತ್ತಿನ ಗಾಡಿಗೆ ಬಣ್ಣ ಬಳಿದ ಹಾಗೆ. ಎರಡನೇದು, ಅದನ್ನ ಮನೇಲಿ ಯಾರು ಉಪಯೋಗಿಸ್ತಾರೆ?”

“ನನ್ನ ಹೆಂಡತಿ. ಸಂಪ್ರದಾಯದ ಹಾಡುಗಳನ್ನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾಳೆ, ಇನ್ನೂರು ಪುಟ.”

“ಮೂರನೇದು, ಕೆಟ್ಟರೆ ನಿಮ್ಮ ಮನೆಗೆ ಯಾರು ಬರ್ತಾರೆ?”

ಶೀನಿ ಇರುವುದು ಬೆಂಗಳೂರಿನಲ್ಲಿ, ಭಾನುವಾರಕ್ಕೆ ಬಂದು ಹೋಗುವವನು. ರಾಜಪ್ಪ ಬಂದರೆ ಊಟ ಮಾಡದೆ ಹೋಗುವುದಿಲ್ಲ. ಪಚ್ಚಿ ಬಂದರೆ ಆರ್ಚ್‌ನವರ ಕೈಪಿಡಿ, ಅದೇ ವಿಕಿ, ಓದು ಅಂತಾನೆ. ಮೇಷ್ಟ್ರ ಮನೆ ನಮ್ಮ ಎರಡನೇ ಕ್ರಾಸು.

“ನೀವು ಯಾವುದು ಉಪಯೋಗಿಸ್ತೀರಿ, ಮೇಷ್ಟ್ರೆ?”

“ಮಿಂಟ್,” ಅಂದರು. “ಉಬುಂಟುವಿನ ಎಲ್‌ಟಿಎಸ್, ಅಂದ್ರೆ ಬಹಳ ವರ್ಷ ಅಪ್‌ಡೇಟ್ ಸಿಗೋ ಆವೃತ್ತಿ, ಅದರ ಮೇಲೆ ಕಟ್ಟಿದ್ದು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ವಿಂಡೋಸ್ ಕಂಡವರಿಗೆ ದಿಕ್ಕು ತಪ್ಪಲ್ಲ. ಕಡಿಮೆ ಅಂದ್ರೆ 2 ಜಿಬಿ ರ‍್ಯಾಮ್ ಸಾಕು, ಆರಾಮಾಗಿರೋಕೆ 4 ಬೇಕು ಅಂತ ಅವರೇ ಬರ್ಕೊಂಡಿದ್ದಾರೆ. ನಿಮ್ಮದಕ್ಕೆ ಅದರಲ್ಲೇ ಹಗುರವಾದ ಎಕ್ಸ್‌ಎಫ್‌ಸಿಇ ಹಾಕೋಣ. ಇನ್ನೊಂದು ಗುಣ, ಟರ್ಮಿನಲ್ಲಿನಲ್ಲಿ, ಅಂದ್ರೆ ಆಜ್ಞೆ ಟೈಪ್ ಮಾಡೋ ಕಿಟಕಿಯಲ್ಲಿ, ಪಾಸ್‌ವರ್ಡ್ ಒತ್ತಿದರೆ ನಕ್ಷತ್ರ ಕಾಣುತ್ತೆ.”

ಈ ಕೊನೆಯ ಮಾತಿಗೆ ನಾನು ಸೋತೆ. ಹಿಂದೊಮ್ಮೆ ಆಫೀಸಿನಲ್ಲಿ ಯಾವುದೋ ಲಿನಕ್ಸ್ ಮುಂದೆ ಕೂತಿದ್ದೆ. ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಹೊಸದು ತರಿಸಿದೆ. ಅದೂ ಕೆಟ್ಟಿತ್ತು. ಅದು ಕಾಣದ ಹಾಗೇ ಮಾಡಿಟ್ಟಿರುವುದು ಅಂತ ತಿಳಿಯುವಷ್ಟರಲ್ಲಿ ಸ್ಟೋರಿನವನು ನನ್ನ ಹೆಸರು ಬರೆದಿಟ್ಟುಕೊಂಡಿದ್ದ.

ಅಂದು ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಮಿಂಟ್‌ನವರು ಪ್ರತಿ ಆವೃತ್ತಿಗೂ ಹೆಣ್ಣಿನ ಹೆಸರಿಡುತ್ತಾರೆ. 22 ವಿಲ್ಮಾ, 22.2 ಜಾರಾ. “ಜಾರಾನ ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ ಮೇಷ್ಟ್ರೆ, ಇವಳು ಮನೇಲಿದ್ದಾಗಲೇ ಆಗಿಹೋಗ್ಲಿ,” ಅಂದದ್ದು ಅಡುಗೆಮನೆಗೆ ಕೇಳಿಸಿತು. ಆ ರಾತ್ರಿಯ ವಿವರ ಇಲ್ಲಿ ಬೇಡ.

ಮಾರನೆಯ ದಿನ ಮೇಷ್ಟ್ರು ಪೆನ್‌ಡ್ರೈವ್ ತಂದರು. “ಈಗಲೇ ಇನ್‌ಸ್ಟಾಲ್ ಮಾಡಲ್ಲ. ಪೆನ್‌ಡ್ರೈವಿಂದಲೇ ಓಡಿಸಿ ನೋಡೋದು. ಡಿಸ್ಕ್ ಮುಟ್ಟಲ್ಲ, ಹೆದರಬೇಡಿ.” ವೈಫೈ ಬಂತು. ಸ್ಪೀಕರ್ ಬಂತು. ಪ್ರಿಂಟರ್ ಹತ್ತು ನಿಮಿಷ ಮುನಿಸಿಕೊಂಡು ಆಮೇಲೆ ಒಪ್ಪಿತು. ನನ್ನ ಹೆಂಡತಿ ಬಂದು ಹಾಡಿನ ಫೈಲ್ ತೆರೆದಳು.

ಶೋಭಾನೆ ಇರಬೇಕಾದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳು, ಒಂದೊಂದರ ತಲೆಗೂ ಕೊಂಬು, ಬುಡಕ್ಕೆ ಬಾಲ.

“ಯಾರ್ರೀ ನನ್ನ ಹಾಡಿಗೆ ಮಾಟ ಮಾಡ್ಸಿದ್ದು? ಅವಳೇನಾ, ಜಾರಾ?”

ಮಾಟವಲ್ಲ. ಹಳೆಯ ನುಡಿ ಫೈಲುಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಆ ಫಾಂಟ್ ಇಲ್ಲದ ಕಡೆ ಮನೆ ಮಾಲೀಕರೇ ಬಾಗಿಲಿಗೆ ಬರುತ್ತಾರೆ. ವಿಂಡೋಸ್‌ನಲ್ಲಿ ಫಾಂಟ್ ಇಲ್ಲದಿದ್ದರೂ ಇದೇ ಗತಿ. ಮೇಷ್ಟ್ರು ಫೈಲನ್ನು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಕ್ಕೆ ಸ್ವಂತ ಮನೆಯಿರುವ ಕಡೆಗೆ, ಬದಲಾಯಿಸಿದರು. ಅರ್ಕಾವೊತ್ತು ಅಲ್ಲಲ್ಲಿ ದಾರಿ ತಪ್ಪಿತ್ತು, ಅದನ್ನು ಇವಳೇ ಕೂತು ತಿದ್ದಿದಳು. ಟೈಪಿಂಗ್ ನೋಡಿಕೊಳ್ಳುವ ಐಬಸ್ ಅನ್ನುವುದರೊಳಗೆ ಕೆಜಿಪಿ ಕೀಲಿಮಣೆ ಇತ್ತು. ಕೆಜಿಪಿ ಅಂದರೆ ನುಡಿ ಮಾಡಿದ ಕನ್ನಡ ಗಣಕ ಪರಿಷತ್ತು. ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ. ಫಾಂಟ್ ಹುಡುಕಿದರೆ ಗುಬ್ಬಿ ಒಂದು, ನವಿಲು ಒಂದು. ನವಿಲು ಕೈಬರಹದ ಹಾಗಿದೆ. ಹಾಡಿಗೆ ನವಿಲು, ಅಡುಗೆ ಪಟ್ಟಿಗೆ ಗುಬ್ಬಿ ಅಂತ ಅವಳೇ ತೀರ್ಮಾನಿಸಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಳಿಸಿ, ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ಮಿಂಟ್ ಇಳಿಸಿದ್ದು ಬುಧವಾರ.

ಮುಂದಿನ ಭಾನುವಾರ ಎಲ್ಲರೂ ಮನೆಗೇ ಬಂದರು, ಹೊಸ ಸೊಸೆ ನೋಡುವ ಹಾಗೆ. ಬಟನ್ ಒತ್ತಿ ಕಾಫಿ ಲೋಟ ಬಾಯಿಗೆ ತಗುಲುವಷ್ಟರಲ್ಲಿ ಲ್ಯಾಪ್‌ಟಾಪು ಎದ್ದು ಕೂತಿತ್ತು.

“ಮಿಂಟ್ ಅಂದ್ರೂ ಒಳಗಿರೋದು ಉಬುಂಟೂನೇ,” ಅಂದ ಶೀನಿ.

“ಉಬುಂಟು ಅಂದ್ರೂ ಒಳಗಿರೋದು ಡೆಬಿಯನ್ನೇ,” ಅಂದ ರಾಜಪ್ಪ.

ಪಚ್ಚಿ ಏನೂ ಹೇಳಲಿಲ್ಲ. ಇದು ಎಲ್ಲರಿಗೂ ವಿಚಿತ್ರವೆನಿಸಿತು. ಅವರಿಬ್ಬರೂ ಉಪ್ಪಿಟ್ಟಿನ ಕಡೆ ತಿರುಗಿದ ಮೇಲೆ ಅವನು ಮೇಷ್ಟ್ರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

“ಮೇಷ್ಟ್ರೆ, ಆ ಪೆನ್‌ಡ್ರೈವು ಒಂದಿನದ ಮಟ್ಟಿಗೆ ಸಿಗುತ್ತಾ?”

“ಯಾಕಪ್ಪ, ನೀನೂ ಮಿಂಟ್ ಹಾಕ್ತೀಯಾ?”

“ಛೆ ಛೆ. ನಿನ್ನೆ ರಾತ್ರಿ, ಕಂಪ್ಯೂಟರ್ ಎಬ್ಬಿಸೋ ಬೂಟ್‌ಲೋಡರ್ ಸ್ವಲ್ಪ ಚೆಂದ ಮಾಡೋಣ ಅಂತ ಕೈ ಹಾಕ್ದೆ. ನನ್ನ ಕೈದೇ ತಪ್ಪು, ಆರ್ಚ್‌ದೇನಿಲ್ಲ. ಈಗ ಒಳಗೆ ಹೋಗೋಕೆ ಬಾಗಿಲೇ ಇಲ್ಲ.”

“ವಿಕಿ ಓದಲಿಲ್ವಾ?” ಅಂದಳು ನನ್ನ ಹೆಂಡತಿ, ಅವನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕುತ್ತ.