ಹಾಸನದ ಮಳೆ–ಬಿಸಿಲಿನ ಲೆಕ್ಕ: ಅಪ್ಪನ ಡೈರಿಯನ್ನು ಯಾವ ದಾಖಲೆಯೊಂದಿಗೆ ತಾಳೆ ನೋಡಬೇಕು?

ಸಾಲಗಾಮೆ ರಸ್ತೆ ಕೇಳಿದ್ದಾರೆ:

ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. 1986ರ ಜೂನ್‌ನಿಂದ 2023ರ ಡಿಸೆಂಬರ್‌ವರೆಗೆ ಪ್ರತಿದಿನ ಬೆಳಿಗ್ಗೆ ಕಾಫಿಗೆ ಮೊದಲು ಹಿತ್ತಲಿಗೆ ಹೋಗಿ ಮಳೆಮಾಪಕ ನೋಡಿ, ಬಂದು ಡೈರಿಯಲ್ಲಿ ಬರೆದಿಡುತ್ತಿದ್ದರು. ಒಂದು ಪುಟವನ್ನು ಇದ್ದ ಹಾಗೆಯೇ ಇಲ್ಲಿ ಕೊಡುತ್ತೇನೆ: "ಜುಲೈ 14. 32.4. ಪುನರ್ವಸು. ರಾತ್ರಿಯೆಲ್ಲ ಗಾಳಿ. ತೆಂಗಿನ ಗರಿ ಎರಡು ಬಿದ್ದಿವೆ." ಬೇಸಿಗೆಯ ಪುಟಗಳಲ್ಲಿ ವರಾಂಡದ ಗೋಡೆಯ ಥರ್ಮಾಮೀಟರಿನ ಮಧ್ಯಾಹ್ನದ ಅಂಕಿಯೂ ಇದೆ. ಈಗ ಅವರ ಕಣ್ಣು ಮಂಜಾಗಿರುವುದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ.

ತೊಡಕು ಅಲ್ಲಿಂದಲೇ ಶುರುವಾಯಿತು. ಒಂದೇ ಮಧ್ಯಾಹ್ನಕ್ಕೆ ಮೊಬೈಲ್ ಆಪ್ 31 ಡಿಗ್ರಿ ಎನ್ನುತ್ತದೆ, ಮರುದಿನದ ಪತ್ರಿಕೆ 33 ಎನ್ನುತ್ತದೆ, ನಮ್ಮ ಗೋಡೆ 35 ಎನ್ನುತ್ತದೆ. ಕಳೆದ ತಿಂಗಳು 11ರ ಸಂಜೆ ಧಾರಾಕಾರ ಮಳೆ ಸುರಿಯಿತು; ಮರುಬೆಳಿಗ್ಗೆ ಅಳೆದು, 41 ಮಿ.ಮೀ. ಎಂದು 11ರ ಎದುರು ಬರೆದೆ. ಅಧಿಕೃತ ಪಟ್ಟಿಯಲ್ಲಿ 11ರಂದು ಸೊನ್ನೆ, 12ರಂದು 38! ಹಾಸನವನ್ನು ಬಡವರ ಊಟಿ ಎನ್ನುತ್ತಿದ್ದ ಕಾಲ ಮುಗಿಯಿತೆಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಅದು ನಿಜವೋ, ನೆನಪಿನ ಮೋಸವೋ ಎಂಬುದನ್ನು ಈ ಮೂವತ್ತೇಳು ವರ್ಷಗಳ ಬರವಣಿಗೆಯಿಂದ ತಿಳಿಯಲು ಸಾಧ್ಯವೆ? ಸಾಧ್ಯವಾದರೆ ಯಾವ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು?

ಅಂಕಿಗಂಟು (ಚಿಕ್ಕಮಗಳೂರು) ಉತ್ತರ:

ಮೊದಲು ತಾರೀಖಿನ ವಿಷಯವನ್ನು ಬಗೆಹರಿಸಿಕೊಳ್ಳಿ, ಏಕೆಂದರೆ ಮನೆಯ ದಾಖಲೆಗಳೆಲ್ಲ ಸಾಮಾನ್ಯವಾಗಿ ಎಡವುವುದು ಅಲ್ಲಿಯೇ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8.30ಕ್ಕೆ ಬದಲಾಗುತ್ತದೆ. 11ರ ಬೆಳಿಗ್ಗೆ 8.30ರಿಂದ 12ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು 12ರ ಮಳೆ. ನಿಮ್ಮ 41 ಮತ್ತು ಅವರ 38 ಒಂದೇ ಸಂಜೆಯ ಮಳೆ, ಮೂರು ಮಿ.ಮೀ. ವ್ಯತ್ಯಾಸ ಊರಿನ ಈ ತುದಿಗೂ ಆ ತುದಿಗೂ ಇರುವುದೇ. ಬೇಸಿಗೆಯ ಗುಡುಗುಮಳೆಯಲ್ಲಂತೂ ಒಂದು ಬೀದಿ ತೊಯ್ದು ಪಕ್ಕದ ಬೀದಿ ಒಣಗಿರುವುದನ್ನು ಹಾಸನದವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ತಂದೆಯವರು ಯಾವ ಪುಟದಲ್ಲಿ ಬರೆಯುತ್ತಿದ್ದರೆಂಬುದನ್ನು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಉಷ್ಣಾಂಶದ ಮೂರು ಅಂಕಿಗಳು ಮೂರು ಬೇರೆ ಬೇರೆ ವಸ್ತುಗಳನ್ನು ಹೇಳುತ್ತಿವೆ. ಆಪ್ ತೋರಿಸುವುದು ಬಹುಪಾಲು ಯಾರೂ ಅಳೆದದ್ದಲ್ಲ. ಹತ್ತಾರು ಕಿಲೋಮೀಟರ್ ಅಗಲದ ಚೌಕಗಳಾಗಿ ಭೂಮಿಯನ್ನು ಹಂಚಿಕೊಂಡ ಕಂಪ್ಯೂಟರ್ ಮಾದರಿಯೊಂದರ ಅಂದಾಜು. ಆಲೂರಿನ ಗುಡ್ಡವೂ ಹಾಸನದ ಬಸ್ ನಿಲ್ದಾಣವೂ ಅದಕ್ಕೆ ಒಂದೇ ಚೌಕವಾಗಿರಬಹುದು. ವೀಕ್ಷಣಾಲಯದ ಅಂಕಿ ಸ್ಟೀವನ್ಸನ್ ಪೆಟ್ಟಿಗೆಯೊಳಗಿನದು: ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ, ಬಿಳಿ ಬಣ್ಣ, ನಾಲ್ಕೂ ಕಡೆ ಗಾಳಿಯಾಡುವ ಓರೆ ಪಟ್ಟಿಗಳು, ಕೆಳಗೆ ಹುಲ್ಲುನೆಲ. ನಿಮ್ಮ ವರಾಂಡದ ಗೋಡೆ ಗಾಳಿಯ ಬಿಸಿಯ ಜೊತೆಗೆ ತನ್ನ ಬಿಸಿಯನ್ನೂ ಸೇರಿಸಿ ಹೇಳುತ್ತಿದೆ. ಅದು ಸುಳ್ಳಲ್ಲ, ಆದರೆ ಬೇರೆ ಪ್ರಶ್ನೆಗೆ ಉತ್ತರ. ಎದುರಿನ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದು ನೆರಳು ಬಿದ್ದರೂ, ಅಂಗಳಕ್ಕೆ ಸಿಮೆಂಟು ಹಾಕಿಸಿದರೂ ಆ ಅಂಕಿ ಬದಲಾಗುತ್ತದೆ. ಹವಾಮಾನ ಬದಲಾಯಿತೆಂದು ನೀವು ತಿಳಿಯುತ್ತೀರಿ.

ತಾಳೆ ನೋಡಲು ಹಾಸನದವರಿಗೆ ಇರುವ ಅನುಕೂಲ ನಮಗಿಲ್ಲ ಎಂಬುದು ನನ್ನ ಹಳೆಯ ಹೊಟ್ಟೆಯುರಿ. ಮೈಸೂರು ಸಂಸ್ಥಾನ 1890ರ ದಶಕದಲ್ಲಿ ನಡೆಸುತ್ತಿದ್ದ ನಾಲ್ಕು ಹವಾಮಾನ ವೀಕ್ಷಣಾಲಯಗಳಲ್ಲಿ ಬೆಂಗಳೂರು, ಮೈಸೂರು, ಚಿತ್ರದುರ್ಗಗಳ ಜೊತೆಗೆ ಹಾಸನವೂ ಒಂದು; ಅವುಗಳ ವಾರ್ಷಿಕ ವರದಿಗಳು ಅಚ್ಚಾಗುತ್ತಿದ್ದವು. ಈಚಿನ ದಿನಗಳಿಗಾದರೆ ಹವಾಮಾನ ಇಲಾಖೆಯ ಪುಣೆ ಕಚೇರಿಯಿಂದ ನಿಲ್ದಾಣವಾರು ಅಂಕಿಗಳನ್ನು ಕೇಳಿ ಪಡೆಯಬಹುದು. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಈ ಸಂಸ್ಥೆ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ತರಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಪತ್ರಿಕೆಯಲ್ಲಿ "ಹಾಸನ" ಎಂದಿದ್ದರೆ ಅದು ನಗರವೋ, ತಾಲ್ಲೂಕೋ, ಜಿಲ್ಲೆಯ ಸರಾಸರಿಯೋ ಎಂಬುದನ್ನು ನೋಡಿ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿ.ಮೀ.ಗೂ ಹೆಚ್ಚು, ಅರಸೀಕೆರೆಯಲ್ಲಿ ಏಳುನೂರರ ಆಸುಪಾಸು. ನಗರದಿಂದ ಎರಡೂ ಕಡೆಗೆ ನಲವತ್ತು ಕಿಲೋಮೀಟರ್ ಮಾತ್ರ. ಇವೆರಡನ್ನೂ ಕೂಡಿ ಭಾಗಿಸಿ ಬಂದ ಜಿಲ್ಲಾ ಸರಾಸರಿಯ ಮಳೆ ಯಾರ ಹಿತ್ತಲಿನಲ್ಲಿಯೂ ಬಿದ್ದಿರುವುದಿಲ್ಲ.

ಹೆತ್ತೂರು ಕಡೆಯವ ಉತ್ತರ:

ಮೇಲಿನವರು ತಾರೀಖಿನ ಬಗ್ಗೆ ಹೇಳಿದ್ದಕ್ಕೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದಲೂ ಮಳೆಯ ಲೆಡ್ಜರ್ ಇದೆ, ಅದು ಇವತ್ತಿಗೂ ಇಂಚು ಮತ್ತು ಸೆಂಟ್ಸ್‌ನಲ್ಲಿಯೇ ನಡೆಯುತ್ತಿದೆ. ಇಂಚಿಗೆ ನೂರು ಸೆಂಟ್ಸ್, ಇಂಚಿಗೆ 25.4 ಮಿ.ಮೀ.; ಆದ್ದರಿಂದ "1–20" ಎಂದಿದ್ದರೆ ಸುಮಾರು 30.5 ಮಿ.ಮೀ. ಎಂದರ್ಥ. ಹಳೆಯ ರೈಟರು (ತೋಟದ ಗುಮಾಸ್ತರು) ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ಎದುರು ಬರೆಯುತ್ತಿದ್ದರು, ಅವರ ನಂತರ ಬಂದವರು ಅಳೆದ ದಿನದ ಎದುರೇ ಬರೆದರು. ತಿಂಗಳ ಮೊತ್ತಕ್ಕೆ ಇದರಿಂದ ಹೆಚ್ಚೇನೂ ಆಗಲಿಲ್ಲ. ಆದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಹೂ ಮಳೆ ಬಿದ್ದ ದಿನದಿಂದ ಹೂ ಅರಳುವ ದಿನವನ್ನು ಎಣಿಸಲು ಹೋದಾಗ ಹಳೆಯ ವರ್ಷಗಳಲ್ಲೆಲ್ಲ ಗಿಡ ಒಂದು ದಿನ ಸೋಮಾರಿಯಾಗಿದ್ದಂತೆ ಕಂಡಿತು!

ನನ್ನದೇ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದು ಮುಂಗಾರಿನ ನಡುವೆ ಅಳತೆಯ ಗಾಜು ಕೈಜಾರಿ ಒಡೆಯಿತು. ಪೇಟೆಯಿಂದ ಬೇರೆ ತಂದೆ. ಆ ವರ್ಷ ನಮ್ಮ ತೋಟದಲ್ಲಿ ಅಕ್ಕಪಕ್ಕದ ತೋಟಗಳ ಎರಡರಷ್ಟು ಮಳೆ! ಹೆಮ್ಮೆಯಿಂದ ನಾಲ್ಕು ಜನರ ಮುಂದೆ ಹೇಳಿಯೂ ಆಯಿತು. ನಮ್ಮ ಮಾಪಕದ ಬಾಯಿ 200 ಚದರ ಸೆಂ.ಮೀ., ತಂದ ಗಾಜು 100 ಚದರ ಸೆಂ.ಮೀ. ಬಾಯಿಯ ಮಾಪಕಕ್ಕೆ ಗುರುತು ಹಾಕಿದ್ದು ಎಂಬುದು ಗೊತ್ತಾಗುವ ಹೊತ್ತಿಗೆ ಗೌರಿಹಬ್ಬ ಕಳೆದಿತ್ತು. ನೀವು ಈಗಲೇ ಆಲಿಕೆಯ ಬಾಯಿಗೆ ಅಳತೆಪಟ್ಟಿ ಇಟ್ಟು ವ್ಯಾಸ ನೋಡಿಕೊಳ್ಳಿ. ಹಳೆಯ ಸೈಮನ್ಸ್ ಮಾಪಕವಾದರೆ ಐದು ಇಂಚು, ಅಂದರೆ 127 ಮಿ.ಮೀ. ಇರಬೇಕು, ಅದರಲ್ಲಿ 10 ಮಿ.ಮೀ. ಮಳೆಗೆ ಸುಮಾರು 127 ಮಿಲಿಲೀಟರ್ ನೀರು ಸಿಗುತ್ತದೆ. ಅಡುಗೆಮನೆಯ ಅಳತೆ ಲೋಟದಲ್ಲಿಯೇ ಇದನ್ನು ಪರೀಕ್ಷಿಸಬಹುದು.

ಮಾಪಕದ ಸುತ್ತಲಿನ ಮರಗಳನ್ನೂ ಗಮನಿಸಿ. 1986ರಲ್ಲಿ ಎದೆಯೆತ್ತರವಿದ್ದ ತೆಂಗು ಈಗ ಗರಿ ಉದುರಿಸುವಷ್ಟು ಬೆಳೆದಿದೆ ಎಂಬುದು ನೀವು ಕೊಟ್ಟ ಪುಟದಿಂದಲೇ ತಿಳಿಯುತ್ತದೆ. ಯಾವ ಅಡೆತಡೆಯೂ ತನ್ನ ಎತ್ತರದ ಎರಡರಷ್ಟು ದೂರದೊಳಗೆ ಇರಬಾರದು ಎಂಬುದು ಪದ್ಧತಿ. ಗಾಳಿಮಳೆಯಲ್ಲಿ ಮರ ಮಳೆಯನ್ನು ತಡೆಯುತ್ತದೆ. ದಾಖಲೆಯಲ್ಲಿ ಮಾತ್ರ ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆಯಾದಂತೆ ಕಾಣುತ್ತದೆ.

ಬಯಲುಸೀಮೆ (ಅರಸೀಕೆರೆ) ಉತ್ತರ:

ನಿಮ್ಮ ತಂದೆಯವರು ಬರೆದಿರುವ ನಕ್ಷತ್ರದ ಹೆಸರುಗಳನ್ನು ಏರಿಸುವಾಗ ಬಿಡಬೇಡಿ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಹಬ್ಬಗಳಂತೆ ಹಿಂದೆ ಮುಂದೆ ಓಡುವುದಿಲ್ಲ. ಆರಿದ್ರಾ ಪ್ರತಿವರ್ಷ ಜೂನ್ 21–22ರ ಹೊತ್ತಿಗೆ ಹುಟ್ಟಿ ಹದಿಮೂರು ಹದಿನಾಲ್ಕು ದಿನ ಇರುತ್ತದೆ. ಹಾಗಾಗಿ ನಕ್ಷತ್ರವಾರು ಮೊತ್ತ ಹಾಕಿ ವರ್ಷಗಳನ್ನು ಹೋಲಿಸುವುದು ತಿಂಗಳವಾರು ಹೋಲಿಸಿದಷ್ಟೇ ಸರಿ. "ಈ ಸಲ ಭರಣಿ ಕೈಕೊಟ್ಟಿತು" ಎಂದು ನಮ್ಮ ರೈತರು ಆಡುವ ಮಾತನ್ನು ಅಂಕಿಯಲ್ಲಿ ಪರೀಕ್ಷಿಸಬಲ್ಲ ಡೈರಿಯನ್ನು ನಾನು ಇನ್ನೂ ಕಂಡಿಲ್ಲ.

ಅಂಕಿಗಂಟು ಮತ್ತೆ:

ಬಡವರ ಊಟಿಯ ಪ್ರಶ್ನೆ ಉಳಿದಿದೆ. ಹವಾಮಾನದ "ಸಾಮಾನ್ಯ" ಎಂಬುದನ್ನು ಮೂವತ್ತು ವರ್ಷಗಳ ಸರಾಸರಿಯಿಂದ ಕಟ್ಟುತ್ತಾರೆ; ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅವಧಿ 1991–2020. ಮುಂಗಾರಿಗೆ ನಮ್ಮ ಇಲಾಖೆ 1971–2020ರ ಸರಾಸರಿಯನ್ನು ಬಳಸುತ್ತದೆ. ನಿಮ್ಮ ಡೈರಿ ಮೊದಲನೆಯದನ್ನು ಪೂರ್ತಿ ಒಳಗೊಂಡಿದೆ. ಒಂದು ಮನೆಯ ಮಟ್ಟಿಗೆ ಇದು ಅಪರೂಪದ ಆಸ್ತಿ. ಮೊದಲು 2018 ಮತ್ತು 2019ರ ಆಗಸ್ಟ್‌ಗಳ ಪ್ರವಾಹದ ಮಳೆಯೂ, ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಎನಿಸಿದ 2023ರದೂ ಡೈರಿಯಲ್ಲಿ ಹೇಗೆ ಕಾಣುತ್ತವೆ ನೋಡಿ. ಮಳೆಯ ದಿನಗಳನ್ನು ಎಣಿಸುವಾಗ ಇಲಾಖೆಯಂತೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳನ್ನು ಮಾತ್ರ ಹಿಡಿಯಿರಿ. ಬಿಸಿಲಿನ ವಿಷಯಕ್ಕೆ ಗೋಡೆಯ ಥರ್ಮಾಮೀಟರನ್ನು ನಂಬಬೇಡಿ, ವೀಕ್ಷಣಾಲಯದ ಅಂಕಿ ತರಿಸಿ. ಅದರಲ್ಲಿಯೂ ಏಪ್ರಿಲ್ ಮಧ್ಯಾಹ್ನದ ಗರಿಷ್ಠವನ್ನಷ್ಟೇ ಹುಡುಕದೆ ಬೆಳಗಿನ ಜಾವದ ಕನಿಷ್ಠವನ್ನು ನೋಡಿ. ಊರು ಬೆಳೆದಾಗ ಕಾಂಕ್ರೀಟು ಹಗಲಿನ ಬಿಸಿಯನ್ನು ರಾತ್ರಿ ಬಿಟ್ಟುಕೊಡುವುದರಿಂದ ಬದಲಾವಣೆ ಮೊದಲು ಕಾಣುವುದು ಸಾಮಾನ್ಯವಾಗಿ ಅಲ್ಲಿಯೇ. ಖಾಲಿ ಬಿಟ್ಟ ದಿನಗಳನ್ನು ದಯವಿಟ್ಟು ಸೊನ್ನೆ ಎಂದು ತುಂಬಬೇಡಿ.

ಸಾಲಗಾಮೆ ರಸ್ತೆ:

ಅಪ್ಪನನ್ನು ಕೇಳಿದೆ. ಅವರು ಮೊದಲಿನಿಂದಲೂ ಅಳೆದ ಬೆಳಗಿನ ಪುಟದಲ್ಲಿಯೇ ಬರೆದಿದ್ದಾರೆ, ತಪ್ಪಿದ್ದು ನಾನೊಬ್ಬನೇ. ಈ ಎರಡು ತಿಂಗಳ ಅಂಕಿಗಳನ್ನು ಒಂದೊಂದು ದಿನ ಮುಂದಕ್ಕೆ ಸರಿಸಿದ್ದೇನೆ. ಆಲಿಕೆಯ ಬಾಯಿ ಸರಿಯಾಗಿ 127 ಮಿ.ಮೀ. ಇದೆ. ತೆಂಗಿನ ಮರದ ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 2004ರಲ್ಲಿ ಮಾಪಕವನ್ನು ಬಾವಿಕಟ್ಟೆಯ ಬಳಿಯಿಂದ ಈಚೆಗೆ ತಂದದ್ದಾಗಿ ಹೇಳಿದರು. ಆ ವರ್ಷದ ಡೈರಿಯಲ್ಲಿ ಅದರ ಸುಳಿವಿಲ್ಲ, ಈಗ ಪೆನ್ಸಿಲಿನಲ್ಲಿ ಬರೆಸಿಕೊಂಡಿದ್ದೇನೆ. ಖಾಲಿ ದಿನಗಳು ಹೆಚ್ಚಿಲ್ಲ. 1994ರ ಮೇ ತಿಂಗಳಲ್ಲಿ ಅಕ್ಕನ ಮದುವೆಯ ವಾರ ಮಾತ್ರ ಅಮ್ಮನ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, ಐದು ಪುಟಗಳ ಮೇಲೂ "ಇವತ್ತು ಯಾರೂ ನೋಡಲಿಲ್ಲ" ಎಂದಿದೆ.

ಓರೆ ಪಟ್ಟಿಯ ಪೆಟ್ಟಿಗೆಗೆ ಬಡಗಿಯೊಬ್ಬರಿಗೆ ಹೇಳಿದ್ದೇನೆ. ಗೋಡೆಯ ಥರ್ಮಾಮೀಟರನ್ನು ತೆಗೆಯುವುದಿಲ್ಲ. ಒಂದು ವರ್ಷ ಎರಡರ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಬರೆದು, ಗೋಡೆ ಯಾವ ತಿಂಗಳು ಎಷ್ಟು ಹೆಚ್ಚು ಹೇಳುತ್ತದೆಂದು ನೋಡುತ್ತೇನೆ.