ಹಳೇ ಬಾಡಿಗೆದಾರರನ್ನು ಬಿಡಿಸಿ ಹೊಸಬರಿಗೆ ಜಾಸ್ತಿ ಬಾಡಿಗೆಗೆ ಕೊಡಲಾ?

ಮೊದಲಮನೆ: ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ಮೂರು ವರ್ಷದಿಂದ ಒಂದೇ ಸಂಸಾರ, ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಹೊಸಬರು ಬಂದರೆ ನೂರಕ್ಕೆ ಹತ್ತು ಜಾಸ್ತಿ ಸಿಗುತ್ತದಂತೆ. ಇವರನ್ನು ಬಿಡಿಸಲಾ?

ಲೆಕ್ಕಪಕ್ಕಾ: ಬೇಡ. ತಿಂಗಳಿಗೆ 100 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 1,200. ಹೊಸಬರು 110 ಕೊಟ್ಟರೂ ಮಧ್ಯೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ 1,210. ಆ ಹತ್ತರಲ್ಲೇ ಬಣ್ಣ ಹೊಡೆಸಬೇಕು, ಬ್ರೋಕರ್‌ಗೂ ಕೊಡಬೇಕು. ಎರಡು ತಿಂಗಳು ಖಾಲಿ ಬಿದ್ದರೆ 1,100, ಅಂದರೆ ಕೈಯಿಂದಲೇ ಹೋಯಿತು. ಇರುವವರಿಗೇ ನೂರಕ್ಕೆ ಐದು ಏರಿಸಿ, 1,260 ಬರುತ್ತದೆ.

ಹಳೇಮಾಲೀಕ: ಬಣ್ಣದ ಖರ್ಚು ನಮ್ಮದು ಅಂತ ಯಾರು ಹೇಳಿದ್ದು? ಬಿಟ್ಟು ಹೋಗುವವರ ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳಿ. ಹದಿನೈದು ವರ್ಷದಿಂದ ನಾನು ಹಾಗೇ ಮಾಡುತ್ತಿರುವುದು.

ಬಾಡಿಗೆಮನೆಯವಳು: "ಹಿಡಿದುಕೊಳ್ಳಿ" ಅಂದರೇನು? ಅದು ನಮ್ಮ ದುಡ್ಡು. ಜನ ಇದ್ದ ಮನೆಯ ಬಣ್ಣ ಮಾಸದೆ ಇರುತ್ತಾ? ಮೊಳೆ ಹೊಡೆದು ಗಾರೆ ಕಿತ್ತಿದ್ದರೆ ಕೇಳಿ, ಕೊಡುತ್ತೇವೆ. ಬಿಸಿಲಿಗೆ ಬಣ್ಣ ಬಿಳಿಚಿಕೊಂಡರೆ ಅದಕ್ಕೂ ನಾವೇ ಕೊಡಬೇಕಾ?

ಹಳೇಮಾಲೀಕ: "ಕೊಡುತ್ತೇವೆ" ಅಂತ ನೀವೇ ಒಪ್ಪಿದಿರಲ್ಲ, ಅಲ್ಲಿಗೆ ಮುಗಿಯಿತು. ಕಳೆದ ಸಲ ನಮ್ಮ ಮನೆ ಖಾಲಿಯಾದಾಗ ಬೀರು ಸರಿಸಿದರೆ ಹಿಂದೆ ಸೊಂಟದೆತ್ತರ ಕಪ್ಪು ಬೂಷ್ಟು. ಕಿಟಕಿ ತೆಗೆಯದೆ ಒದ್ದೆ ಬಟ್ಟೆ ಒಳಗೇ ಒಣಗಿಸಿದ್ದರು. ಪೂರ್ತಿ ಗೋಡೆಯ ದುಡ್ಡು ಕತ್ತರಿಸಿದೆ.

ಗಾರೆಕೆಲಸ: ಕಿಟಕಿಯೇ ಕಾರಣ ಅಂತ ಹೇಗೆ ಗೊತ್ತಾಯಿತು? ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹೊರಮೈಯಲ್ಲಿ ಹನಿ ಕಂಡರೆ ಕೋಣೆಯೊಳಗಿನ ತೇವ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯೇ ನೀರು ಕುಡಿದಿದೆ. ಪೈಪೋ, ತಾರಸಿಯೋ, ಅಡಿಪಾಯವೋ ನೋಡಬೇಕು. ಅದು ಮಾಲೀಕರ ಕೆಲಸ.

ಹಳೇಮಾಲೀಕ: ನೀವು ನನ್ನ ಮನೆ ನೋಡಿದ್ದೀರಾ? ನೋಡದೆ ಸುಮ್ನೆ ತೀರ್ಪು ಕೊಡಬೇಡಿ.

ಗಾರೆಕೆಲಸ: "ಸೊಂಟದೆತ್ತರ" ಅಂದವರು ನೀವೇ. ನೆಲದಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸು ನಿಲ್ಲುತ್ತದೆ, ಗೋಡೆಯಲ್ಲಿ ಬಿಳಿ ಉಪ್ಪು ಬಿಡುತ್ತದೆ. ಕೈಯಾಡಿಸಿದರೆ ಬಿಳಿ ಪುಡಿ ಉದುರುತ್ತಿತ್ತಾ, ಇಲ್ವಾ? ಅದನ್ನು ಹೇಳಿ.

ಲೆಕ್ಕಪಕ್ಕಾ: "ಪೂರ್ತಿ ಗೋಡೆಯ ದುಡ್ಡು" ಯಾವ ಲೆಕ್ಕ? ಬಣ್ಣ ಐದು ವರ್ಷ ಬಾಳುತ್ತದೆ ಅಂದುಕೊಳ್ಳಿ. ಅವರು ಮೂರು ವರ್ಷ ಇದ್ದರೆ ಉಳಿದದ್ದು ಎರಡು ವರ್ಷದ ಬಣ್ಣ. ತಪ್ಪು ಅವರದೇ ಆದರೂ ಕೇಳಬಹುದಾದದ್ದು ಐದರಲ್ಲಿ ಎರಡು ಪಾಲು.

ಹಳೇಮಾಲೀಕ: "ಅಂದುಕೊಳ್ಳಿ" ಅಂತ ಶುರುವಾಗುವ ಲೆಕ್ಕ ನನಗೆ ಬೇಡ. ಪೇಂಟರ್ ನನ್ನ ಹತ್ತಿರ ಐದರಲ್ಲಿ ಎರಡು ಪಾಲು ತಗೊಳ್ಳುತ್ತಾನಾ?

ಬಾಡಿಗೆಮನೆಯವಳು: ಅವರು ಬಂದ ದಿನ ಆ ಗೋಡೆ ಹೇಗಿತ್ತು? ಫೋಟೋ ಇದೆಯಾ?

ಹಳೇಮಾಲೀಕ: ಆಗೆಲ್ಲ ಯಾರು ಫೋಟೋ ತೆಗೆಯುತ್ತಿದ್ದರು? ನಂಬಿಕೆಯ ಮೇಲೆ ಕೀ ಕೊಟ್ಟಿದ್ದೆ.

ಬಾಡಿಗೆಮನೆಯವಳು: ನಂಬಿಕೆ ಕೀ ಕೊಡುವಾಗ ಇತ್ತು, ಡಿಪಾಸಿಟ್ ಕೊಡುವಾಗ ಎಲ್ಲಿ ಹೋಯಿತು?

ಮೊದಲಮನೆ: ನಾನು ಕೇಳಿದ್ದು ಬಾಡಿಗೆ ವಿಷಯ. ಆದರೆ ಈಗ ನೆನಪಾಯಿತು. ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಕಲೆ ಬಂದಿದೆ ಅಂತ ನಮ್ಮ ಬಾಡಿಗೆಯವರು ಆರು ತಿಂಗಳ ಹಿಂದೆಯೇ ಹೇಳಿದ್ದರು. ನಾನು ಹೋಗಿ ನೋಡಿರಲಿಲ್ಲ. ಸಂಜೆ ಅವರನ್ನು ಕೇಳಿ, ಪ್ಲಾಸ್ಟಿಕ್ ಅಂಟಿಸಿ ಬರುತ್ತೇನೆ.

ಹಳೇಮಾಲೀಕ: ಅಂಟಿಸಿ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬಾಡಿಗೆ ಮಾತ್ರ ಹತ್ತೇ ಏರಿಸಿ, ಐದಲ್ಲ.